ಮಾಂಜ್ರಾ ಹಡಗಿನ ಫೋಟೊಗಳು

ಬಳಗಾನೂರು
ಭಾನುವಾರ, 14 ಜುಲೈ 1968

ಅಣ್ಣಾ,

ಇವತ್ತು ಬೆಳಿಗ್ಗೆ ರೊಟ್ಟಿ ಗಂಟು ಹಿಡಿದು ಕಾಲುವೆಗೆ ಹೋದಾಗ ಒಂದು ಸಣ್ಣ ಸಂಗತಿ ಕಂಡೆ. ಅಪ್ಪ ತೂಬಿನ ಕಬ್ಬಿಣದ ಚಕ್ರವನ್ನು ನೇರವಾಗಿ ಹಿಡಿಯಲಿಲ್ಲ. ಮೊದಲು ಕೈಯ ಹಿಂಭಾಗವನ್ನು ಅದಕ್ಕೆ ತಾಗಿಸಿ ತೆಗೆದ, ಆಮೇಲೆ ಅಂಗೈಯಿಂದ ಹಿಡಿದು ತಿರುಗಿಸಿದ. ಮಳೆಯಲ್ಲಿ ನೆನೆದ ಚಕ್ರ ಅದು, ಹರವಿಯ ನೀರಿನಷ್ಟು ತಣ್ಣಗಿತ್ತು. ಎಂಟು ವರ್ಷದಿಂದ ಅಪ್ಪ ಈ ತೂಬು ಕಾಯುವ ಲಸ್ಕರ್. ದಿನವೂ ನೀರು ಬಿಡುವ ಮುಂಚೆ ಹೀಗೆ ಮಾಡುತ್ತಿದ್ದಿರಬೇಕು. ನನ್ನ ಕಣ್ಣಿಗೆ ಬಿದ್ದದ್ದು ಇವತ್ತು.

ನಿನ್ನ ಪತ್ರ ಗುರುವಾರ ಬಂತು. ಮಸ್ಕಿಯ ಶಾಲೆಯಲ್ಲಿ ಪಾಠ ಮುಗಿಸಿ ಬಂದವಳು ಬಸ್ಸಿಳಿದು ಅಲ್ಲೇ ನಿಂತು ಓದಿದೆ. ನಿಮ್ಮ ಸ್ಟುಡಿಯೋಕ್ಕೆ ಮುಂಬಯಿಯ ಆ ನೌಕಾ ಸಂಗ್ರಹಾಲಯದ ಕೆಲಸ ಸಿಕ್ಕಿದ್ದು, ಎರಡು ಹಳೆಯ ಯುದ್ಧದ ಹಡಗುಗಳ ಫೋಟೊ ತೆಗೆಯಲು ನಿನ್ನನ್ನೇ ಕಳಿಸಿದ್ದು, ಅದರಲ್ಲಿ ಒಂದರ ಹೆಸರು ಮಾಂಜ್ರಾ ಎಂದು ಬರೆದಿದ್ದು. ಆ ಹೆಸರಿನ ಹತ್ತಿರ ನಿನ್ನ ಅಕ್ಷರ ಯಾಕೆ ಅಷ್ಟು ಸಣ್ಣದಾಗಿದೆ?

"ಅಪ್ಪ ಹೇಳುತ್ತಿದ್ದ ಹಡಗು ಇರುವುದು ನಿಜ. ಅವನು ಅದರಲ್ಲಿ ಇದ್ದದ್ದು ನಿಜವೋ ಅಲ್ಲವೋ, ಬೇರೆ ಮಾತು" ಎಂದಿದ್ದೀಯ. ಆ ಸಾಲನ್ನು ಬಿಟ್ಟು ಉಳಿದದ್ದನ್ನು ಮನೆಯಲ್ಲಿ ಓದಿ ಹೇಳಿದೆ. ಅವ್ವ ಎರಡು ಸಲ ಓದಿಸಿದಳು. ಅಪ್ಪ ಕೇಳಿಸಿಕೊಂಡ, ಎದ್ದು ಎಮ್ಮೆಗೆ ನೀರು ಇಡಲು ಹೋದ.

ಲಿಂಗಸುಗೂರಿನ ಆ ದಿನವನ್ನು ನೀನು ಮರೆತಿಲ್ಲವೆಂದು ಬಲ್ಲೆ. ನಾನು ಆಗ ಹತ್ತು ವರ್ಷದವಳು, ಅಪ್ಪನ ಜೊತೆ ಸಂತೆಗೆ ಬಂದಿದ್ದೆ. ನೀನು ಹಾಸ್ಟೆಲಿನಲ್ಲೆಲ್ಲ ನಮ್ಮಪ್ಪ ಯುದ್ಧದ ಹಡಗಿನಲ್ಲಿದ್ದ ಎಂದು ಹೇಳಿಕೊಂಡು ತಿರುಗಿದ್ದೆ. ಮಿಲಿಟರಿಯಲ್ಲಿದ್ದು ಬಂದ ಡ್ರಿಲ್ ಮಾಸ್ತರರು ಹೋಟೆಲಿನಲ್ಲಿ ಎಲ್ಲರ ಮುಂದೆ ಅಪ್ಪನನ್ನು ಕೇಳಿದರು: "ಏನಪಾ, ನಿನ್ನ ಹಡಗಿಗೆ ಹೊಗಿ ಕೊಳವಿ ಎಷ್ಟಿದ್ವು?" ಅಪ್ಪ "ಗೊತ್ತಿಲ್ರೀ ಸಾಹೇಬ್ರ" ಅಂದ. "ತೋಪು?" "ಅದೂ ಗೊತ್ತಿಲ್ರೀ." ಹೋಟೆಲಿನವರೆಲ್ಲ ನಕ್ಕರು. ನೀನು ಚಹಾ ಬಿಟ್ಟು ಹೊರಗೆ ಹೋದೆ. ಮ್ಯಾಟ್ರಿಕ್ ಮುಗಿದ ಮೇಲೆ ಮುಂಬಯಿಗೂ ಹಾಗೇ ಹೋದೆ.

ಅಪ್ಪನ ಕಾಗದಗಳು ರಜಾಕಾರರ ಗದ್ದಲದಲ್ಲಿ ಮನೆಯ ಜೊತೆ ಸುಟ್ಟವು. ಈಗ ಅವನ ಹತ್ತಿರ ಇರುವುದು ಅವನ ಮಾತು ಮಾತ್ರ, ಅದನ್ನೂ ಅವನು ಆಡುವುದು ಕಡಿಮೆ. ನಮ್ಮೂರ ಜಂಗ್ಲಿಸಾಬ್ ಇನ್ನೂ ತನ್ನ ಹೋಟೆಲಿನ ಕಟ್ಟೆಯಿಂದ ಕೂಗುತ್ತಾನೆ: "ಏ ಮುದುಕಪ್ಪ, ನಿನ್ನ ಹಡಗ ಈ ಕಾಲುವ್ಯಾಗ ಬರತದೇನ?" ಅಪ್ಪ ಹೇಳುತ್ತಾನೆ: "ಬರತದ. ನೀ ಕಾಲುವಿ ನೀರೆಲ್ಲಾ ಚಾದಾಗ ಹಾಕೋದು ಬಿಟ್ರ."

ಆ ಹಡಗು ಹೇಗಿದೆ ಅಣ್ಣಾ? ನಾನು ಸಮುದ್ರವನ್ನು ಪುಸ್ತಕದಲ್ಲಿ ಮಾತ್ರ ಕಂಡವಳು. ದೊಡ್ಡದಾಗಿ ಬರೆ.

ನಿನ್ನ ತಂಗಿ
ಗದ್ದೆಮ್ಮ


ಮುಂಬಯಿ
3 ಆಗಸ್ಟ್ 1968

ಗದ್ದಿ,

ನನಗೆ ನಿನ್ನ ಹಾಗೆ ಬರೆಯಲು ಬರುವುದಿಲ್ಲ. ಕಂಡದ್ದನ್ನು ಹೇಳುತ್ತೇನೆ.

ಜಂಗ್ಲಿಸಾಬನ ಹೋಟೆಲಿನಿಂದ ನಮ್ಮ ಮನೆಯ ತನಕ ಎಷ್ಟು ದೂರ? ಹಡಗು ಅಷ್ಟುದ್ದ ಇದೆ. ಎಲ್ಲವೂ ಕಬ್ಬಿಣ. ತಗಡಿಗೆ ತಗಡು ಸೇರಿಸಿ ಬಡಿದ ಮೊಳೆಗಳ ತಲೆಗಳು ಸಾಲು ಸಾಲಾಗಿ ಕಾಣುತ್ತವೆ, ಬಿತ್ತಿದ ಹೊಲದ ಸಾಲಿನ ಹಾಗೆ, ಎಲ್ಲೂ ಒಂದು ತಪ್ಪಿಲ್ಲ. ಎಷ್ಟು ಕೈ ದುಡಿದಿರಬೇಕು ಅನ್ನಿಸುತ್ತದೆ. ಮೊದಲ ದಿನ ನಾನು ಕ್ಯಾಮೆರಾದ ಪೆಟ್ಟಿಗೆ ತೆರೆಯಲೇ ಇಲ್ಲ. ಮಧ್ಯಾಹ್ನದವರೆಗೆ ನೋಡುತ್ತಾ ನಿಂತಿದ್ದೆ. ಒಂಬತ್ತು ವರ್ಷದಿಂದ ಮದುವೆ, ಮುಂಜಿ, ಮಿಲ್ ಮಾಲೀಕರ ಮುಖ ತೆಗೆದವನು ನಾನು. ಇದರ ಮುಖ ಎಲ್ಲಿಂದ ಶುರುವಾಗುತ್ತದೆ ಎಂದೇ ತಿಳಿಯಲಿಲ್ಲ.

ಮರುದಿನ ಸ್ಟ್ಯಾಂಡ್ ನಿಲ್ಲಿಸಿ, ಎಲ್ಲ ಅಳತೆ ಸರಿ ಮಾಡಿ, ಚಹಾ ಕುಡಿದು ಬಂದೆ. ನೋಡಿದರೆ ಹಡಗು ಆಳೆತ್ತರ ಮೇಲೆ ಬಂದಿದೆ! ನನ್ನ ಕ್ಯಾಮೆರಾ ಇಟ್ಟಲ್ಲೇ ಇದೆ. ಸಮುದ್ರದ ನೀರು ಏರಿತ್ತು. ಯಾವ ತೂಬೂ ಎತ್ತಿಲ್ಲ, ಯಾವ ಲಸ್ಕರನೂ ಅಲ್ಲಿಲ್ಲ. ನಾವು ಮೊಳಕಾಲು ನೀರಿಗಾಗಿ ಗದ್ದೆಯಲ್ಲಿ ಬಡಿದಾಡುವವರು.

ಸಂಗ್ರಹಾಲಯದ ಸಾಹೇಬರು ಮಾಂಜ್ರಾದಲ್ಲಿ ಯುದ್ಧದ ಕಾಲಕ್ಕೆ ಕೆಲಸ ಮಾಡಿದವರ ಹೆಸರುಗಳನ್ನು ಕೂಡಿಸುತ್ತಿದ್ದಾರೆ. ಹಿತ್ತಾಳೆಯ ಹಲಗೆಯ ಮೇಲೆ ಕೊರೆಸಿ ಒಳಗಿನ ಹಾಲಿನಲ್ಲಿ ಹಾಕುತ್ತಾರಂತೆ. ಹಳೆಯ ರಿಜಿಸ್ಟರಿನ ಅರ್ಧ ಹಾಳೆಗಳು ಇಲ್ಲ. ಕಾಗದ ಇಲ್ಲದವರು ಬೇರೆ ಆಧಾರ ಕೊಡಬೇಕು.

ಆರು ಫೋಟೊ ಕಳಿಸಿದ್ದೇನೆ. ಮೂರು ಮಾಂಜ್ರಾದವು, ಮೂರು ಇನ್ನೊಂದು ಹಡಗಿನವು. ಹೆಸರು ಕಾಣದಂತೆ ತೆಗೆದಿದ್ದೇನೆ. ಯಾವುದು ಯಾವುದೆಂದು ಹಿಂದೆ ಪೆನ್ಸಿಲಿನಲ್ಲಿ ನಿನಗಾಗಿ ಬರೆದಿದೆ. ಅಪ್ಪನ ಮುಂದೆ ಹರಡು. ಏನೂ ಹೇಳಬೇಡ. ಎರಡು ವರ್ಷ ಇದ್ದ ಮನೆ ಯಾರಿಗಾದರೂ ಗುರುತು ಸಿಗಬೇಕಲ್ಲ?

ನಾನು ಕ್ರೂರಿ ಅನ್ನಿಸಿದರೆ ಅನ್ನಿಸಲಿ. ನನಗೆ ಒಂದು ಸಲ ತಿಳಿಯಬೇಕು.

ಆದೆಪ್ಪ


ಬಳಗಾನೂರು
19 ಆಗಸ್ಟ್ 1968

ಅಣ್ಣಾ,

ಫೋಟೊಗಳು ಬಂದವು. ಅಪ್ಪ ಗುರುತು ಹಿಡಿದ. ಮಾಂಜ್ರಾದ ಮೂರೂ.

ಈಗ ನಾಟಿಯ ದಿನಗಳು, ಅಪ್ಪನಿಗೆ ಬಿಡುವಿಲ್ಲ. ನನಗೂ ಶಾಲೆಯಲ್ಲಿ ಪರೀಕ್ಷೆಯ ಕೆಲಸ. ಹೆಚ್ಚು ಬರೆಯಲು ಆಗುತ್ತಿಲ್ಲ.

ಗದ್ದೆಮ್ಮ


ಮುಂಬಯಿ
2 ಸೆಪ್ಟೆಂಬರ್ 1968

ಗದ್ದಿ,

ನಿನ್ನ ನಾಲ್ಕು ಸಾಲನ್ನು ಸ್ಟುಡಿಯೋದ ಕತ್ತಲ ಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಓದಿದೆ. ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಎಷ್ಟು ಚುಟುಕಾಗಿ ಬರೆದಿದ್ದೀಯ! ಯಾವ ಫೋಟೊ ಮೊದಲು ಎತ್ತಿಕೊಂಡ? ಏನಂದ? ನಕ್ಕನೇ? ಒಂಬತ್ತು ವರ್ಷ ನಾನು ಅವನಿಗೆ ಒಂದು ಸಾಲು ಬರೆಯಲಿಲ್ಲ, ಗದ್ದಿ. ಹಬ್ಬಕ್ಕೆ ಬಾ ಎಂದು ಅವ್ವ ಹೇಳಿ ಕಳಿಸಿದಾಗಲೆಲ್ಲ ಕೆಲಸದ ನೆಪ ಹೇಳಿದೆ.

ಸಾಹೇಬರಿಗೆ ಅವತ್ತೇ ಹೇಳಿದೆ. ಅವರು ಎದ್ದು ನಿಂತು ಕೈಕುಲುಕಿದರು, ನಾನೇ ಹಡಗಿನಿಂದ ಇಳಿದು ಬಂದವನೋ ಎಂಬಂತೆ. ಅಪ್ಪನ ಹೆಸರು ಪಟ್ಟಿಗೆ ಸೇರುತ್ತದೆ. ಅಪ್ಪನ ಹೇಳಿಕೆಯ ಒಂದು ಫಾರಂ ಬೇಕಂತೆ. ಬೇಗ ಆಗಬೇಕು. ಹಡಗಿನ ತಳ ತುಕ್ಕು ತಿಂದಿದೆ, ನೀರು ಜಿನುಗುತ್ತಿದೆ. ಡಿಸೆಂಬರ್ ಮೊದಲ ವಾರ ಅದನ್ನು ಎಳೆದುಕೊಂಡು ಹೋಗಿ ಒಡೆಯುತ್ತಾರೆ. ಆಮೇಲೆ ಸಂಗ್ರಹಾಲಯದಲ್ಲಿ ಉಳಿಯುವುದು ನನ್ನ ಫೋಟೊಗಳು ಮತ್ತು ಆ ಹಿತ್ತಾಳೆಯ ಹಲಗೆ.

ಅದರಲ್ಲಿ ಮುದುಕಪ್ಪ, ಬಳಗಾನೂರು ಎಂದಿರುತ್ತದೆ. ಅದರ ಫೋಟೊ ತೆಗೆದು ಜಂಗ್ಲಿಸಾಬನಿಗೆ ನಾನೇ ಕಳಿಸುತ್ತೇನೆ.

ಆದೆಪ್ಪ


ಬಳಗಾನೂರು
20 ಸೆಪ್ಟೆಂಬರ್ 1968

ಅಣ್ಣಾ,

ಈ ಪತ್ರವನ್ನು ಮೂರು ಸಲ ಹರಿದು ಹಾಕಿದೆ. ಅಪ್ಪ ಗುರುತು ಹಿಡಿಯಲಿಲ್ಲ. ನಾನು ಸುಳ್ಳು ಬರೆದೆ.

ಆ ದಿನ ಅಂಗಳದಲ್ಲಿ ಚಾಪೆಯ ಮೇಲೆ ಆರೂ ಫೋಟೊ ಇಟ್ಟೆ. ಪಕ್ಕದ ಮನೆಯ ರಮಜಾನಬಿ ಅಕ್ಕಿ ಆರಿಸುತ್ತಾ ಕುಳಿತಿದ್ದಳು. "ಅಲ್ಲಾ! ಇಷ್ಟು ಕಬ್ಬಿಣ ನೀರ ಮ್ಯಾಲ ಹೆಂಗ ನಿಂತದ? ನಮ್ಮನ್ಯಾಗ ಒಂದು ಸೌಟು ಬಿದ್ರ ಬಾವಿ ತಳ ಸೇರತದ" ಅಂದಳು. ಅಪ್ಪ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಕೊನೆಗೆ ಎಲ್ಲವನ್ನೂ ಜೋಡಿಸಿ ನನ್ನ ಕೈಗೆ ಕೊಟ್ಟು, "ಇವ್ಯಾವೂ ನಂಗ ಗೊತ್ತಿಲ್ಲ ಯವ್ವಾ" ಅಂದ. ಮುಖದಲ್ಲಿ ನಾಚಿಕೆಯೂ ಇರಲಿಲ್ಲ. ನಾಚಿಕೆಯಾದದ್ದು ನನಗೆ. ಅದನ್ನು ನಿನಗೆ ಹೇಗೆ ಬರೆಯಲಿ ಎಂದು ಹೆದರಿ ಸುಲಭದ ದಾರಿ ಹಿಡಿದೆ. ನಿನ್ನ ಸಂತೋಷದ ಪತ್ರ ಬಂದ ಮೇಲೆ ನನಗೆ ಅನ್ನ ಸೇರಲಿಲ್ಲ.

ಹೋದ ಭಾನುವಾರ ಮತ್ತೆ ತೂಬಿನ ಹತ್ತಿರ ಹೋಗಿ ಕುಳಿತೆ. ಅಪ್ಪ ಮತ್ತೆ ಕೈಯ ಹಿಂಭಾಗದಿಂದ ಚಕ್ರ ಮುಟ್ಟಿದ. ಹಡಗು ಹೇಗಿತ್ತು ಎಂದು ಎಲ್ಲರೂ ಕೇಳಿದ್ದಾರೆ. ನಾನು ಬೇರೆ ಕೇಳಿದೆ. "ಅಪ್ಪಾ, ಯಾಕ ಹಂಗ ಮುಟ್ತಿ?"

"ಕಬ್ಬಿಣ ಕಾದಿರತದಲ್ಲ. ಅಂಗೈ ಸುಟ್ರ ಸಲಕಿ ಹಿಡಿಯೋದು ಹೆಂಗ? ಹಿಂದಿನ ಕೈ ಸುಟ್ರ ಕೆಲಸ ನಡೀತದ."

"ಯಾವ ಸಲಕಿ?"

"ಕಲ್ಲಿದ್ದಲಿಂದು. ಹಡಗಿನ್ಯಾಗ."

ಆಮೇಲೆ ಬಿಸಿಲೇರುವ ತನಕ ಮಾತಾಡಿದ. ಅಪ್ಪ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ರಾಯಚೂರಿನ ಹತ್ತಿ ಜಿನ್ನಿನಲ್ಲಿ ಬಾಯ್ಲರಿಗೆ ಬೆಂಕಿ ಹಾಕುತ್ತಿದ್ದವನನ್ನು ಅದೇ ಕೆಲಸಕ್ಕೆಂದು ಸೈನ್ಯದವರು ಆರಿಸಿಕೊಂಡರಂತೆ. ಜಡಿಮಳೆಯಲ್ಲಿ ಸಣ್ಣ ದೋಣಿಯಲ್ಲಿ ಕರೆದುಕೊಂಡು ಹೋಗಿ ಒಂದು ಕಬ್ಬಿಣದ ಗೋಡೆಗೆ ಹತ್ತಿಸಿದರು. "ಗ್ವಾಡಿಗೆ ಮೂಗು ಹಚ್ಚಿ ನಿಂತ್ರ ಮನಿ ಕಾಣತದೇನ ಬೇ?" ಅಂದ. ಹತ್ತಿದವನು ನೇರ ಕೆಳಗೆ ಇಳಿದ. ನಾಲ್ಕು ತಾಸು ಬೆಂಕಿ, ಎಂಟು ತಾಸು ಬಿಡುವು, ಮತ್ತೆ ಬೆಂಕಿ. ಬಿಡುವಿನಲ್ಲಿ ನಿದ್ದೆ. ದಡಕ್ಕೆ ಹೋದದ್ದು ಎರಡೋ ಮೂರೋ ಸಲ. ಆಗ ಹಡಗಿಗೆ ಕಪ್ಪು, ನೀಲಿ, ಬೂದಿ ಬಣ್ಣದ ತೇಪೆ ಬಳಿದಿದ್ದರಂತೆ, ದೂರದಿಂದ ಅದು ಹಡಗೆಂದೇ ತಿಳಿಯಬಾರದೆಂದು. ನಿನ್ನ ಫೋಟೊದ ಹಡಗಿಗೆ ಹೊಸ ಬಣ್ಣ ಬಳಿದು ನಿಲ್ಲಿಸಿದ್ದಾರೆ. ಕಡೆಗೆ ಜ್ವರ ಬಂದು ಮಲಗಿದಾಗ ಹೊತ್ತುಕೊಂಡು ಇಳಿಸಿದರು. "ಅಂಗಾತ ಮಲಗಿದ್ದೆ. ಬರೇ ಆಕಾಶ ಕಾಣ್ತು" ಅಂದ.

"ಹಂಗಾರ ಹೊಗಿ ಕೊಳವಿ?"

ಅಪ್ಪ ನಕ್ಕ. "ಹೊಗಿ ನಾವು ಕಳಸ್ತಿದ್ವಿ. ಅದು ಎಷ್ಟು ಬಾಯಾಗ ಹೊರಗ ಬರ್ತಿತ್ತೋ, ನೋಡಾಕ ಯಾರು ಬಿಡ್ತಿದ್ರು?"

"ಇದನ್ನ ಆ ಮಾಸ್ತರಿಗೆ ಯಾಕ ಹೇಳಲಿಲ್ಲ?"

"ಅವ್ರು ಕೇಳಿದ್ದು ಕೊಳವಿ ಲೆಕ್ಕ. ಗೊತ್ತಿರಲಿಲ್ಲ. ಗೊತ್ತಿಲ್ಲಂದೆ."

ಅಣ್ಣಾ, ಕೆಳಗಿದ್ದವರಿಗೆ ಮೇಲಿನಿಂದ ಗಂಟೆ ಬರುತ್ತಿತ್ತಂತೆ. ಬೆಂಕಿ ಹೆಚ್ಚಿಸು ಅಂದರೆ ಹೆಚ್ಚಿಸಬೇಕು. ಯಾಕೆಂದು ಯಾರೂ ಹೇಳುವುದಿಲ್ಲ. ವೈರಿ ಬಂದನೋ, ಬಿರುಗಾಳಿಯೋ, ಇವರಿಗೆ ತಿಳಿಯದು. ನೀರಿನಲ್ಲಿ ಬಾಂಬು ಸಿಡಿದಾಗ ಗೋಡೆ ಗಂಟೆಯ ಹಾಗೆ ಮೊಳಗುತ್ತಿತ್ತು, ಮೇಲಿನಿಂದ ಇದ್ದಲಿನ ಪುಡಿ ಉದುರುತ್ತಿತ್ತು. ಹಡಗು ವಾಲಿದರೆ ಇದ್ದಲಿನ ರಾಶಿ ತಾನೇ ಜೀವ ಬಂದಂತೆ ಈ ಕಡೆಯಿಂದ ಆ ಕಡೆಗೆ ನಡೆಯುತ್ತಿತ್ತು. "ಸಮುದ್ರ ನೋಡೀಯೇನಪ್ಪಾ?" ಎಂದು ಕೇಳಿದೆ. "ಕೇಳೀನಿ" ಅಂದ.

ಇವನನ್ನು ಇಷ್ಟು ವರ್ಷ ನಾನು ದಿನವೂ ನೋಡಿದ್ದೇನೆಯೇ?

ಆಮೇಲೆ ಕಣ್ಣು ಮುಚ್ಚಿ ಹೇಳಿದ: ಬಾಯ್ಲರ್ ಕೋಣೆಗೆ ಇಳಿಯುವ ಏಣಿಗೆ ಹದಿನೇಳು ಮೆಟ್ಟಿಲು. ಮೇಲಿನಿಂದ ಹನ್ನೊಂದನೆಯದು ಎಡಕ್ಕೆ ತಿರುಚಿದೆ, ಅಲ್ಲಿ ಕಾಲನ್ನು ಅಡ್ಡ ಇಡಬೇಕು. ಬೆಂಕಿಯ ಬಾಗಿಲು ಮೂರು. ಎಡಗಡೆಯದು ಕೂಡುತ್ತಿರಲಿಲ್ಲ, ಹಿಮ್ಮಡಿಯಿಂದ ಒದ್ದು ಮುಚ್ಚಬೇಕು.

ನೀನು ಮೇಲಿನ ಫೋಟೊ ತೆಗೆದಿದ್ದೀಯ. ಕೆಳಗೆ ಇಳಿದು ನೋಡು. ನನ್ನ ಸುಳ್ಳಿಗೆ ನನ್ನನ್ನು ಬೈಯಿ, ಆದರೆ ಇಳಿದು ನೋಡು.

ಗದ್ದೆಮ್ಮ


(ಕಾರ್ಡು)
ಮುಂಬಯಿ
28 ಸೆಪ್ಟೆಂಬರ್ 1968

ಗದ್ದೆಮ್ಮ, ಓದಿದವಳು ನೀನು. ನಿನ್ನ ಮಾತು ನಂಬಿ ಸಾಹೇಬರ ಮುಂದೆ, ಸ್ಟುಡಿಯೋದವರ ಮುಂದೆ ಎದೆಯುಬ್ಬಿಸಿ ಹೇಳಿದೆ. ಈಗ ಮತ್ತೆ ಲಿಂಗಸುಗೂರಿನ ಹೋಟೆಲಿನಲ್ಲಿ ನಿಂತ ಹಾಗಾಗಿದೆ. ಹಡಗಿನ ಕೆಳಭಾಗಕ್ಕೆ ಯಾರನ್ನೂ ಬಿಡುವುದಿಲ್ಲ. ಅಲ್ಲಿ ನೋಡಲು ಏನೂ ಇಲ್ಲ. ಆದೆಪ್ಪ.


ಮುಂಬಯಿ
24 ಅಕ್ಟೋಬರ್ 1968

ಗದ್ದಿ,

ಕಾರ್ಡಿನಲ್ಲಿ ಬರೆದದ್ದನ್ನು ಅಂಚೆಯವನೂ ಓದಿರುತ್ತಾನೆ. ಅದಕ್ಕೆ ಇನ್ನಷ್ಟು ನಾಚಿಕೆ.

ಹೋದ ವಾರ ಕೊನೆಯ ಫೋಟೊಗಳಿಗೆಂದು ಹಡಗಿನ ಮೇಲೆ ಹೋಗಿದ್ದೆ. ಮಧ್ಯಾಹ್ನದ ಬಿಸಿಲು. ಅಂಚಿನ ಕಂಬಿ ಹಿಡಿದು ಬಗ್ಗಬೇಕಿತ್ತು. ಹಿಡಿಯುವ ಮುಂಚೆ ನಾನು ಏನು ಮಾಡಿದೆ ಗೊತ್ತೇ? ಕೈಯ ಹಿಂಭಾಗ ತಾಗಿಸಿ ತೆಗೆದೆ. ಯಾರೂ ನನಗೆ ಕಲಿಸಿಲ್ಲ. ಅಪ್ಪನ ಬೆನ್ನ ಹಿಂದೆ ಓಡಾಡುತ್ತಾ ಬಂದದ್ದಿರಬೇಕು. ಇಷ್ಟು ವರ್ಷ ಸ್ಟುಡಿಯೋದ ಬಿಸಿ ದೀಪಗಳನ್ನು ನಾನು ಹೀಗೇ ಮುಟ್ಟಿದ್ದೇನೆ.

ಕಾವಲಿನವನಿಗೆ ಅವನ ಮಕ್ಕಳ ಫೋಟೊ ತೆಗೆದುಕೊಡುತ್ತೇನೆಂದು ಹೇಳಿ ಕೆಳಗಿನ ಮುಚ್ಚಳ ತೆಗೆಸಿದೆ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ ಇಳಿದೆ. ಎಣಿಸುತ್ತಾ ಇಳಿದೆ. ಎಣಿಸುತ್ತಿದ್ದರೂ ಹನ್ನೊಂದರಲ್ಲಿ ಕಾಲು ಜಾರಿತು. ಎಡಕ್ಕೆ ತಿರುಚಿದೆ. ಒಟ್ಟು ಹದಿನೇಳು.

ಗದ್ದಿ, ಮೇಲಿನ ಹಡಗು ಏನೂ ಅಲ್ಲ. ಕೆಳಗಿನದು ಹಡಗು. ಬಾಯ್ಲರ್ ಸಿಂಧನೂರಿನ ಅಕ್ಕಿ ಗಿರಣಿಗಿಂತ ಎತ್ತರ ಅನ್ನಿಸಿತು. ಅದರ ಮುಂದೆ ಮನುಷ್ಯ ನಿಲ್ಲುವ ಜಾಗ ನಮ್ಮ ಅಡುಗೆ ಮನೆಯಷ್ಟು. ಮೂರು ಬಾಗಿಲು. ಎಡಗಡೆಯದರ ಕೆಳ ಮೂಲೆ ಒಳಕ್ಕೆ ತಗ್ಗಾಗಿದೆ. ಕಬ್ಬಿಣ ತಗ್ಗಾಗಬೇಕಾದರೆ ಎಷ್ಟು ಜನರ ಹಿಮ್ಮಡಿ, ಎಷ್ಟು ಸಲ! ಅದರಲ್ಲಿ ನನ್ನ ಹಿಮ್ಮಡಿ ಇಟ್ಟು ನೋಡಿದೆ. ಕೂತಿತು. ಟಾರ್ಚು ಆರಿಸಿ ಗೋಡೆಗೆ ಕಿವಿ ಕೊಟ್ಟೆ. ಆಚೆ ಸಮುದ್ರ ಇತ್ತು. ದೊಡ್ಡ ಪ್ರಾಣಿಯೊಂದು ಮಗ್ಗುಲು ಬದಲಿಸಿದ ಹಾಗೆ ಕೇಳುತ್ತಿತ್ತು. ಅಪ್ಪ ಇದರೊಳಗೆ ಎರಡು ವರ್ಷ ಇದ್ದ, ಊರಿಗೆ ಬಂದು ಅದನ್ನು ಹೇಳಿಕೊಳ್ಳದೆ ಜೋಳ ಬಿತ್ತಿದ.

ಫೋಟೊ ಒಂದೇ ಸರಿಯಾಗಿ ಬಂದಿದೆ. ಇದರ ಜೊತೆ ಇಟ್ಟಿದ್ದೇನೆ.

ಸಾಹೇಬರಿಗೆ ಎಲ್ಲ ಹೇಳಿದೆ, ನಿನ್ನ ಸುಳ್ಳೂ ಸೇರಿ. ಅವರು ಕೆಟ್ಟವರಲ್ಲ. "ನನಗೆ ನಂಬಿಕೆ ಇದೆ. ಆದರೆ ಸಮಿತಿಯ ಫಾರಂನಲ್ಲಿ ಇರುವುದು ಒಂದೇ ಸಾಲು. ಅದನ್ನು ತುಂಬಿ ಕಳಿಸಲಿ, ಮುಗಿಯಿತು" ಅಂದರು. ಸಾಲು ಇದು: ಫೋಟೊಗಳನ್ನು ನೋಡಿದೊಡನೆ ನಾನು ಸೇವೆ ಮಾಡಿದ ಹಡಗನ್ನು ಗುರುತಿಸಿರುತ್ತೇನೆ. ಕೆಳಗೆ ಅಪ್ಪನ ಹೆಬ್ಬೆಟ್ಟು, ಸಾಕ್ಷಿಯಾಗಿ ನಿನ್ನ ಸಹಿ.

ಒಂದು ಸಲ ಬರೆದ ಸುಳ್ಳು ಇನ್ನೊಂದು ಸಲ ಬರೆದರೆ ಏನಾದೀತು? ಅವನು ಅಲ್ಲಿದ್ದದ್ದು ನಿಜ ತಾನೆ. ಫಾರಂ ಇಟ್ಟಿದ್ದೇನೆ. ತಡಮಾಡಬೇಡ.

ಊರಿಗೆ ಬರುವ ಧೈರ್ಯ ನನಗಿನ್ನೂ ಇಲ್ಲ. ಬಂದರೆ ಅವನ ಮುಂದೆ ಏನೆಂದು ಕೂರಲಿ?

ಆದೆಪ್ಪ


ಬಳಗಾನೂರು
ಭಾನುವಾರ, 10 ನವೆಂಬರ್ 1968

ಅಣ್ಣಾ,

ಬಾಯ್ಲರ್ ಕೋಣೆಯ ಫೋಟೊವನ್ನು ಏನೂ ಹೇಳದೆ ಅಪ್ಪನ ಕೈಗೆ ಕೊಟ್ಟೆ. ರಮಜಾನಬಿಯೂ ಇದ್ದಳು. ಅಪ್ಪ ನೋಡಿದ, ಮುಖ ಕೆಂಪಾಯಿತು. ಅಳುತ್ತಾನೆಂದು ಹೆದರಿದೆ. ಅವನಿಗೆ ಬಂದದ್ದು ಸಿಟ್ಟು.

"ಬೂದಿ ಹಂಗೇ ಬಿಟ್ಟಾರಲ್ಲಲೇ! ಪಾಳಿ ಮುಗಿಸಿ ಹೋಗೋರು ಬೂದಿ ತಗದು ಹೋಗಬೇಕು. ಯಾವನವ, ಹಿಂಗ ಬಿಟ್ಟು ಹೋದವ?"

"ಪಾಳಿ ಮುಗದು ಇಪ್ಪತ್ಮೂರು ವರ್ಷ ಆತು ಮುದುಕಪ್ಪ" ಎಂದು ರಮಜಾನಬಿ ನಕ್ಕಳು.

ಅಪ್ಪ ಅವಳ ಮುಖ ನೋಡಿದ. "ನಂಗ ಯಾರೂ ಹೇಳಲೇ ಇಲ್ಲಲ್ಲ" ಅಂದ. ಅವನೂ ನಕ್ಕ. ಜ್ವರದಲ್ಲಿ ಹೊತ್ತು ಇಳಿಸಿದವನಿಗೆ ಪಾಳಿ ಮುಗಿಯಿತೆಂದು ಯಾರು ಹೇಳಿರುತ್ತಾರೆ?

ಸ್ವಲ್ಪ ಹೊತ್ತಾದ ಮೇಲೆ ಕೇಳಿದ: "ಯಾರು ತಗದಾರ ಇದನ್ನ?"

"ಅಣ್ಣ."

"ಆದೆಪ್ಪ ಕೆಳಗ ಇಳದಿದ್ನ?"

"ಇಳದಿದ್ದ."

"ಹನ್ನೊಂದನೇದ್ರಾಗ ಬೀಳಲಿಲ್ಲಲ್ಲ?"

ಕಾಲು ಜಾರಿತ್ತಂತೆ ಎಂದೆ. "ಹೇಳಿದ್ರೂ ಜಾರತದ. ನಂಗೂ ಜಾರೇದ" ಅಂದ. ಆಮೇಲೆ ಆ ಫೋಟೊವನ್ನು ಯಾರಿಗೂ ತೋರಿಸಲಿಲ್ಲ. ಜಂಗ್ಲಿಸಾಬನ ಹೋಟೆಲಿಗೆ ಒಯ್ಯೋಣವೆಂದು ನಾನೇ ಅಂದೆ. "ಅಂವಗ ಏನು ಹೇಳೋದು? ಬೂದಿ ತಗದಿಲ್ಲ ಅಂತನಾ?" ಅಂದ. ಏನೆಂದು ಕೂರಲಿ ಎಂದು ನೀನು ಕೇಳಿದ್ದೀಯ. ಅವನು ನಿನ್ನ ಮೇಲೆ ಸಿಟ್ಟಾಗಿದ್ದಾನೆಂದು ನೀನು ತಿಳಿದಿದ್ದೀಯ. ಅವನು ಇಷ್ಟು ವರ್ಷ ನಿನಗೆ ಮುಂಬಯಿಯಲ್ಲಿ ಕೆಲಸ ಹೆಚ್ಚು ಎಂದೇ ನಂಬಿದ್ದಾನೆ.

ಫಾರಂ ನನ್ನ ಮೇಜಿನ ಮೇಲೆ ಎಂಟು ದಿನದಿಂದ ಇದೆ. ನೋಡಿದೊಡನೆ ಗುರುತಿಸಿರುತ್ತೇನೆ. ನಾನು ಬರೆದುಕೊಟ್ಟರೆ ಅಪ್ಪ ಕೇಳದೆ ಹೆಬ್ಬೆಟ್ಟು ಒತ್ತುತ್ತಾನೆ, ಮಗಳು ಓದಿದವಳೆಂದು. ಅದೇ ನನಗೆ ಕಷ್ಟವಾಗಿರುವುದು. ಹೋಟೆಲು ತುಂಬ ಜನ ನಗುವಾಗಲೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಮನುಷ್ಯ ಅವನು. ನಿನ್ನ ಫೋಟೊದಲ್ಲಿ ಮಾಂಜ್ರಾಕ್ಕೆ ಇರುವುದು ಒಂದೇ ಹೊಗೆ ಕೊಳವಿ. ಅವತ್ತು ಒಂದು ಎಂದು ಬಾಯಿಗೆ ಬಂದದ್ದು ಹೇಳಿದ್ದರೂ ಸರಿಯಾಗಿಯೇ ಇರುತ್ತಿತ್ತು, ನೀನು ಮನೆ ಬಿಡುತ್ತಿರಲಿಲ್ಲ. ಅವನು ಹೇಳಲಿಲ್ಲ. ಅವನ ಹೆಸರನ್ನು ಹಿತ್ತಾಳೆಯಲ್ಲಿ ಕೊರೆಸಲು ಅವನು ಆಡದ ಮಾತನ್ನು ನಾನು ಹೇಗೆ ಬರೆಯಲಿ?

ಸಾಹೇಬರಿಗೆ ಇದರ ಜೊತೆ ಇಂಗ್ಲಿಷಿನಲ್ಲಿ ನಾಲ್ಕು ಹಾಳೆ ಬರೆದಿಟ್ಟಿದ್ದೇನೆ. ಅಪ್ಪ ಹೇಳಿದ್ದು ಹೇಳಿದ ಹಾಗೆ. ಮೊದಲ ವಾಕ್ಯವೇ, ನಮ್ಮ ತಂದೆಗೆ ಈ ಫೋಟೊಗಳ ಹಡಗು ಗುರುತು ಸಿಗಲಿಲ್ಲ ಎಂದು. ನೀನು ಕೊಟ್ಟುಬಿಡು. ಸಮಿತಿ ಒಪ್ಪದೆ ಹೆಸರು ಬಿಟ್ಟುಹೋದರೆ ಅದರ ಹೊಣೆ ನನ್ನದು, ಅಪ್ಪನಿಗೆ ಹಲಗೆಯ ವಿಷಯವನ್ನೇ ನಾನು ಹೇಳಿಲ್ಲ.

ಇನ್ನೊಂದು ಮಾತು. ಮುಖ್ಯೋಪಾಧ್ಯಾಯರ ಕೋಣೆಗೆ ನಾನು ಹಾಜರಿ ಪುಸ್ತಕಕ್ಕಲ್ಲದೆ ಹೋದವಳಲ್ಲ. ಶುಕ್ರವಾರ ಹೋಗಿ ಒಂದು ವಾರದ ರಜೆ ಕೇಳಿದೆ. ಯಾಕೆ ಎಂದರು. ನಮ್ಮ ತಂದೆಗೆ ಹಡಗು ತೋರಿಸಬೇಕು ಎಂದೆ. ಅವರು ಮೂಗಿನ ಮೇಲಿನ ಕನ್ನಡಕ ತೆಗೆದು ನನ್ನನ್ನು ನೋಡಿದರು, ಆಮೇಲೆ ಸಹಿ ಮಾಡಿದರು. ತೂಬನ್ನು ಆ ವಾರ ಕೆಳಗಿನ ತೂಬಿನ ಲಸ್ಕರ್ ಮೌಲಾಸಾಬ್ ನೋಡಿಕೊಳ್ಳುತ್ತಾನೆ. "ಹೋಗಿ ಬಾ ಯವ್ವಾ, ನೀರು ಎಲ್ಲೂ ಓಡಿ ಹೋಗಂಗಿಲ್ಲ" ಅಂದ.

ಹದಿನೆಂಟನೇ ತಾರೀಕು ಸೋಮವಾರ ರಾಯಚೂರಿನಿಂದ ರೈಲು ಹತ್ತುತ್ತೇವೆ. ನೀನು ಸ್ಟೇಷನ್ನಿಗೆ ಬಾ. ಕಾವಲಿನವನ ಮಕ್ಕಳ ಫೋಟೊ ಅಷ್ಟರೊಳಗೆ ತೆಗೆದುಕೊಡು. ಅಪ್ಪ ಮೊದಲು ದಡದಲ್ಲಿ ನಿಂತು ತನ್ನ ಹಡಗನ್ನು ಪೂರ್ತಿ ನೋಡಲಿ, ಅವಸರ ಮಾಡಬೇಡ, ಕ್ಯಾಮೆರಾ ತೆಗೆಯಬೇಡ. ಆಮೇಲೆ ಅವನು ಕೆಳಗೆ ಇಳಿಯುತ್ತಾನೆ. ಅವನ ಹಿಂದೆ ನಾನೂ ಇಳಿಯುತ್ತೇನೆ. ಸೀರೆ ಉಟ್ಟವಳು ಅಲ್ಲಿಗೆ ಇಳಿಯಬಾರದೆಂದು ಯಾರಾದರೂ ತಡೆದರೆ ಮಾತಾಡುವುದು ನನ್ನ ಕೆಲಸ, ನೀನು ಸುಮ್ಮನಿರು.

ಗದ್ದೆಮ್ಮ